ಮೈಟೋಕಾಂಡ್ರಿಯದ ಉಸಿರಾಟ ಅಳೆಯುವುದು ಹೇಗೆ?

ಜೀವಕೋಶ ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣುವಿನ ದೊಡ್ಡ ಪಾಲು ತಯಾರಾಗುವುದು ಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಪುಟ್ಟ ಅಂಗಕದಲ್ಲಿ. ಅದು ಎಷ್ಟು ಚುರುಕಾಗಿದೆ ಅಂತ ತಿಳಿಯಬೇಕಾದರೆ, ಅದು ಯಾವ ವೇಗದಲ್ಲಿ ಆಮ್ಲಜನಕ ಬಳಸುತ್ತಿದೆ ಎಂದು ನೋಡಬೇಕು. ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ 1950ರ ದಶಕದಲ್ಲಿ ರೂಪಿಸಿದ, ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ಇವತ್ತಿಗೂ ಈ ಕೆಲಸಕ್ಕೆ ಬಳಕೆಯಲ್ಲಿದೆ.

ಉಪಕರಣ ಸರಳ. ಆದರೆ ಲ್ಯಾಬಿಗೆ ಹೊಸದಾಗಿ ಬಂದವರು ಮೈಟೋಕಾಂಡ್ರಿಯ ಬೇರ್ಪಡಿಸಲು ಬೆಳಗಿನಿಂದ ಶ್ರಮಪಡುತ್ತಾರೆ, ಎಲೆಕ್ಟ್ರೋಡ್ ಸಿದ್ಧಪಡಿಸುವುದನ್ನು ಮಾತ್ರ ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಆಮೇಲೆ ತೆರೆಯ ಮೇಲೆ ಆಮ್ಲಜನಕದ ಮಟ್ಟ ತೋರಿಸುವ ಗೆರೆ ಓಲಾಡುತ್ತದೆ. ಮೈಟೋಕಾಂಡ್ರಿಯ ಸತ್ತಿದೆ ಎಂದು ಚೆಲ್ಲಿಬಿಡುತ್ತಾರೆ. ಎಷ್ಟೋ ಸಲ ಅದು ಚೆನ್ನಾಗಿಯೇ ಇರುತ್ತದೆ, ಸರಿಯಿಲ್ಲದಿರುವುದು ಎಲೆಕ್ಟ್ರೋಡಿನ ಪೊರೆ.

ಎಲೆಕ್ಟ್ರೋಡಿನಲ್ಲಿ ಇರುವುದು ಇಷ್ಟು: ನಡುವೆ ಪ್ಲಾಟಿನಂ, ಸುತ್ತ ಬೆಳ್ಳಿ, ಎರಡನ್ನೂ ಸೇರಿಸುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ, ಮೇಲೆ ತೆಳುವಾದ ಟೆಫ್ಲಾನ್ ಪೊರೆ. ಎರಡು ಲೋಹಗಳ ನಡುವೆ ಸುಮಾರು 0.6ರಿಂದ 0.7 ವೋಲ್ಟ್ ಕೊಟ್ಟರೆ, ಪೊರೆ ದಾಟಿ ಬಂದ ಆಮ್ಲಜನಕ ಪ್ಲಾಟಿನಂ ಮೇಲೆ ಎಲೆಕ್ಟ್ರಾನ್ ಪಡೆದು ನೀರಾಗುತ್ತದೆ. ಆಗ ಹರಿಯುವ ವಿದ್ಯುತ್ತೇ ಆಮ್ಲಜನಕದ ಲೆಕ್ಕ.

ಮೊದಲು ಲೋಹ ಸ್ವಚ್ಛ ಮಾಡಿ

ನಯವಾದ ಅಲ್ಯುಮಿನಾ ಪುಡಿಯನ್ನು ಒದ್ದೆ ಮಾಡಿ ಮೆಲ್ಲಗೆ ಉಜ್ಜಿ, ತೊಳೆದು ಒರೆಸಿ. ಮರಳು ಕಾಗದ ಬೇಡವೇ ಬೇಡ.

ಪೊರೆ ಹಾಕುವುದು

ಇಲ್ಲಿ ಅವಸರ ಮಾಡಬೇಡಿ. ಪ್ಲಾಟಿನಂ ಮೇಲೆ ಒಂದು ಹನಿ ಪೊಟ್ಯಾಸಿಯಂ ಕ್ಲೋರೈಡ್ ಬಿಡಿ, ಬೆಳ್ಳಿಯ ಸುತ್ತಲೂ ಅಷ್ಟೇ. ಅದರ ಮೇಲೆ ಲೆನ್ಸ್ ಒರೆಸುವ ಕಾಗದದ ಸಣ್ಣ ಚೂರು ಇಡಿ. ಕಾಗದ ಪೂರ್ತಿ ನೆನೆದು ಪ್ಲಾಟಿನಂನಿಂದ ಬೆಳ್ಳಿಯವರೆಗೂ ಹರಡಿರಬೇಕು. ಒಂದು ಕಡೆ ಒಣಗಿದ್ದರೂ ವಿದ್ಯುತ್ತಿನ ದಾರಿ ಕಡಿಯುತ್ತದೆ.

ಈಗ ಟೆಫ್ಲಾನ್ ಹಾಳೆಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ನಡುವೆ ಬೆರಳು ತಾಗಿದರೆ ಚರ್ಮದ ಎಣ್ಣೆ ಅಂಟಿಕೊಳ್ಳುತ್ತದೆ. ಹಾಳೆಯನ್ನು ಮೇಲಿಟ್ಟು, ರಬ್ಬರ್ ಉಂಗುರವನ್ನು ನೇರವಾಗಿ, ಒಂದೇ ಸಲಕ್ಕೆ ಕೆಳಗೆ ಒತ್ತಿ. ಓರೆಯಾಗಿ ಒತ್ತಿದರೆ ಪೊರೆ ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಮಡಿಕೆ ಬೀಳುತ್ತದೆ. ಆಮೇಲೆ ಅಂಚು ಹಿಡಿದು ಎಳೆದು ಸರಿಮಾಡುವವರಿದ್ದಾರೆ. ಹಾಗೆ ಎಳೆದಾಗ ಪೊರೆ ಅಲ್ಲಲ್ಲಿ ತೆಳ್ಳಗಾಗುತ್ತದೆ, ಅಳತೆ ಜಾರುತ್ತಾ ಹೋಗುತ್ತದೆ.

ಹಾಕಿದ ಮೇಲೆ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಸಾಸಿವೆಗಿಂತ ಸಣ್ಣ ಗುಳ್ಳೆ ಕಂಡರೂ ಪೊರೆ ತೆಗೆದು ಹೊಸದು ಹಾಕಿ. ಗುಳ್ಳೆಯನ್ನು ಬೆರಳಿನಿಂದ ಒತ್ತಿ ಪಕ್ಕಕ್ಕೆ ಸರಿಸುವುದು ಪರಿಹಾರವಲ್ಲ. ಅದರೊಳಗಿನ ಆಮ್ಲಜನಕ ನಿಧಾನವಾಗಿ ಹೊರಬರುತ್ತಲೇ ಇರುತ್ತದೆ, ಗೆರೆ ಸೊನ್ನೆಗೆ ಇಳಿಯುವುದೇ ಇಲ್ಲ.

ತೆಗೆದ ಪೊರೆಯನ್ನು ಮತ್ತೆ ಬಳಸಬೇಡಿ. ಆಹಾರ ಸುತ್ತುವ ಪ್ಲಾಸ್ಟಿಕ್ ಹಾಳೆ ಸಾಕು ಎನ್ನುವವರ ಮಾತು ಕೇಳಬೇಡಿ. ಸಡಿಲವಾದ ಹಳೆ ಉಂಗುರವನ್ನೂ ಉಳಿಸಿಕೊಳ್ಳಬೇಡಿ, ದ್ರಾವಣ ಸೋರಿ ಒಣಗುವುದು ಅಲ್ಲಿಂದಲೇ. ವೋಲ್ಟೇಜ್ ಕೊಟ್ಟ ಮೇಲೆ ವಿದ್ಯುತ್ ಸ್ಥಿರವಾಗುವವರೆಗೆ, ಕನಿಷ್ಠ ಅರ್ಧ ಗಂಟೆ, ಕಾಯಿರಿ.

ನೂರು ಮತ್ತು ಸೊನ್ನೆ

ಇನ್ನು ಗೆರೆಗೆ ಅಳತೆ ಗುರುತಿಸಬೇಕು: ಗಾಳಿ ತುಂಬಿದ ದ್ರಾವಣ ನೂರು, ಆಮ್ಲಜನಕವೇ ಇಲ್ಲದ್ದು ಸೊನ್ನೆ. ನೂರಕ್ಕೆ, ಪ್ರಯೋಗಕ್ಕೆ ಬಳಸುವ ಬಫರನ್ನೇ (ಆಮ್ಲೀಯತೆ ಬದಲಾಗದಂತೆ ತಡೆಯುವ ದ್ರಾವಣ), ಪ್ರಯೋಗದ ಉಷ್ಣಾಂಶದಲ್ಲೇ, ಅಗಲ ಫ್ಲಾಸ್ಕಿನಲ್ಲಿ ಚೆನ್ನಾಗಿ ಕುಲುಕಿ ಗಾಳಿ ತುಂಬಿಸಿ, ಎಲೆಕ್ಟ್ರೋಡಿನ ಮೇಲಿರುವ ಪುಟ್ಟ ಅಳತೆ ಕೊಠಡಿಗೆ ಸುರಿಯಿರಿ. ಫ್ರಿಡ್ಜಿನಿಂದ ತೆಗೆದದ್ದನ್ನು ಹಾಗೇ ಸುರಿಯಬೇಡಿ. ತಣ್ಣಗಿನ ನೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತದೆ, ಬಿಸಿಯಾಗುತ್ತಾ ಗುಳ್ಳೆಯಾಗಿ ಹೊರಬರುತ್ತದೆ. ಸಮುದ್ರಮಟ್ಟದ ಒತ್ತಡದಲ್ಲಿ, 25 ಡಿಗ್ರಿಯಲ್ಲಿ, ಗಾಳಿ ತುಂಬಿದ ಶುದ್ಧ ನೀರಿನಲ್ಲಿ ಸುಮಾರು 258 ಮೈಕ್ರೋಮೋಲಾರ್ ಆಮ್ಲಜನಕ ಇರುತ್ತದೆ. 37 ಡಿಗ್ರಿಯಲ್ಲಿ ಸುಮಾರು 210. ಉಪ್ಪು ಸೇರಿದರೆ ಇನ್ನೂ ಕಡಿಮೆ, ಎತ್ತರದ ಊರಿನಲ್ಲಿ ಮತ್ತೂ ಕಡಿಮೆ. ಒಂದೇ ಸಂಖ್ಯೆಯನ್ನು ಎಲ್ಲೆಡೆ ಹಾಕಿದರೆ ಎಲ್ಲ ಲೆಕ್ಕವೂ ತಪ್ಪುತ್ತದೆ ಅಲ್ವಾ?

ಸೊನ್ನೆಗೆ, ಆಮ್ಲಜನಕವನ್ನು ತಿಂದು ಮುಗಿಸುವ ಸೋಡಿಯಂ ಡೈಥಯೋನೈಟಿನ ಕೆಲವು ಹರಳು ಸಾಕು. ಗಟ್ಟಿಗಟ್ಟಿದ ಹಳೆ ಡಬ್ಬಿಯದು ಶಕ್ತಿ ಕಳೆದುಕೊಂಡಿರುತ್ತದೆ, ಹೊಸದು ತನ್ನಿ. ಗೆರೆ ಕಡಿದಾಗಿ ಇಳಿದು ತಳದಲ್ಲಿ ನಿಂತರೆ ಪೊರೆ ಸರಿಯಾಗಿದೆ. ತೂಕಡಿಸುತ್ತಾ ಇಳಿದರೆ ಪೊರೆ ಬದಲಿಸಿ. ಆಮೇಲೆ ಕೊಠಡಿಯನ್ನು ಹಲವು ಸಲ ತೊಳೆಯಿರಿ. ಡೈಥಯೋನೈಟ್ ಚೂರು ಉಳಿದರೂ ಅದು ತಿನ್ನುವ ಆಮ್ಲಜನಕವನ್ನು ನೀವು ಮೈಟೋಕಾಂಡ್ರಿಯದ ಖಾತೆಗೆ ಬರೆಯುತ್ತೀರಿ.

ಕಲಕುವ ಕಡ್ಡಿಯ ವೇಗ ಕೊನೆಯವರೆಗೂ ಒಂದೇ ಇರಲಿ. ಎಲೆಕ್ಟ್ರೋಡ್ ತಾನೂ ಆಮ್ಲಜನಕ ತಿನ್ನುತ್ತದೆ. ಕಡ್ಡಿ ನಿಲ್ಲಿಸಿದರೆ ಪೊರೆಯ ಹತ್ತಿರದ ಆಮ್ಲಜನಕ ಖಾಲಿಯಾಗಿ ಗೆರೆ ಇಳಿಯುತ್ತದೆ, ಮತ್ತೆ ಕಲಕಿದರೆ ಮೇಲೇರುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿ.

ಮೈಟೋಕಾಂಡ್ರಿಯ

ಅಂಗಾಂಶವನ್ನು ಮಂಜುಗಡ್ಡೆಯ ಮೇಲೆ, ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಸೇರಿಸಿದ 250 ಮಿಲಿಮೋಲಾರ್ ಸುಕ್ರೋಸಿನಲ್ಲಿ ಅರೆದು, ಮೊದಲು ನಿಧಾನ, ಆಮೇಲೆ ವೇಗವಾಗಿ ಸೆಂಟ್ರಿಫ್ಯೂಜ್ ಮಾಡಿ. ತಳದ ಉಂಡೆಯನ್ನು ಮೃದುವಾಗಿ ಬಿಡಿಸಿ, ಮಂಜುಗಡ್ಡೆಯಲ್ಲೇ ಇಟ್ಟು ಕೆಲವು ಗಂಟೆಯೊಳಗೆ ಬಳಸಿ.

ಓಟ

ಫಾಸ್ಫೇಟ್ ಇರುವ ಬಫರಿಗೆ ಮೈಟೋಕಾಂಡ್ರಿಯ ಹಾಕಿ ಮುಚ್ಚಳ ಇಳಿಸಿ. ಕೆಳಗೆ ಗುಳ್ಳೆ ಉಳಿಯಬಾರದು. ಅಷ್ಟೇ ಗಾತ್ರದ ನೀರಿಗಿಂತ ಗಾಳಿಯಲ್ಲಿ ಸುಮಾರು 30 ಪಟ್ಟು ಜಾಸ್ತಿ ಆಮ್ಲಜನಕ ಇರುತ್ತದೆ. ಮೈಟೋಕಾಂಡ್ರಿಯಕ್ಕೆ ಇಂಧನವಾಗುವ ಗ್ಲುಟಮೇಟ್ ಮತ್ತು ಮ್ಯಾಲೇಟ್ ಸೇರಿಸಿದರೆ ಗೆರೆ ನಿಧಾನವಾಗಿ ಇಳಿಯತೊಡಗುತ್ತದೆ. ಈಗ ಎಟಿಪಿ ತಯಾರಿಗೆ ಬೇಕಾದ ಕಚ್ಚಾವಸ್ತು ಎಡಿಪಿಯನ್ನು ಅಳೆದು ಕೊಡಿ. ಗೆರೆ ಥಟ್ಟನೆ ಕಡಿದಾಗುತ್ತದೆ, ಎಡಿಪಿ ಮುಗಿದಾಗ ಮತ್ತೆ ಮಂದವಾಗುತ್ತದೆ. ವಿಜ್ಞಾನಿಗಳಾದ ಬ್ರಿಟನ್ ಚಾನ್ಸ್ ಮತ್ತು ವಿಲಿಯಮ್ಸ್ 1955ರಲ್ಲಿ ಈ ಸ್ಥಿತಿಗಳಿಗೆ ಅಂಕಿ ಕೊಟ್ಟರು. ಕಡಿದಾದದ್ದು 3ನೇ ಸ್ಥಿತಿ, ಎಡಿಪಿ ಮುಗಿದ ಮೇಲಿನದು 4ನೇ ಸ್ಥಿತಿ. ಮೊದಲನೆಯ ವೇಗವನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಉಸಿರಾಟ ನಿಯಂತ್ರಣ ಅನುಪಾತ. ಅದು 1ರ ಹತ್ತಿರ ಇದ್ದರೆ ಉಸಿರಾಟಕ್ಕೂ ಎಟಿಪಿ ತಯಾರಿಗೂ ನಂಟು ಕಳಚಿದೆ ಎಂದು ಅನುಮಾನಿಸಬೇಕು.

ಎಡಿಪಿ ಕೊಟ್ಟರೂ ಗೆರೆ ಕದಲದಿದ್ದರೆ, ಈ ನಂಟನ್ನು ಬೇಕೆಂದೇ ಕಳಚುವ ಎಫ್‌ಸಿಸಿಪಿ ಹಾಕಿ. ಅದಕ್ಕೆ ವೇಗ ಏರಿದರೆ, ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ದಾಟಿಸುವ ಉಸಿರಾಟದ ಸರಪಳಿ ಸರಿಯಾಗಿದೆ, ತೊಡಕು ಎಟಿಪಿ ಮಾಡುವ ಕಡೆ ಅಥವಾ ನಿಮ್ಮ ಎಡಿಪಿ ದ್ರಾವಣದಲ್ಲಿ ಇದೆ. ಸೀಸೆಯ ಚೀಟಿಯನ್ನು ಸುಮ್ನೆ ನಂಬಬೇಡಿ. 259 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಅಳೆದು ಸಾರತೆ ಖಚಿತಪಡಿಸಿಕೊಳ್ಳಿ.

ಒಂದು ಆಮ್ಲಜನಕ ಪರಮಾಣುವಿಗೆ ಎಷ್ಟು ಎಟಿಪಿ ತಯಾರಾಯಿತು ಎಂಬ ಲೆಕ್ಕ ಹೀಗೆ. 200 ನ್ಯಾನೋಮೋಲ್ ಎಡಿಪಿ ಮುಗಿಯುವಷ್ಟರಲ್ಲಿ 40 ನ್ಯಾನೋಮೋಲ್ ಆಮ್ಲಜನಕ ಖರ್ಚಾಯಿತು ಅನ್ನಿ. ಒಂದು ಅಣುವಿನಲ್ಲಿ ಎರಡು ಪರಮಾಣು, ಅಂದರೆ 80. 200 ಭಾಗಿಸು 80, ಉತ್ತರ 2.5. ಹಳೆ ಪಠ್ಯಗಳಲ್ಲಿ ಇದಕ್ಕೆ 3 ಎಂದಿರುತ್ತದೆ, 2.5ನ್ನೇ ನಂಬಿ. ಗ್ಲುಟಮೇಟ್ ಮತ್ತು ಮ್ಯಾಲೇಟಿನಿಂದ ಎಲೆಕ್ಟ್ರಾನ್ ಹೊತ್ತು ತರುವ ಎನ್‌ಎಡಿಎಚ್‌ನ ಒಂದು ಜೋಡಿ ಎಲೆಕ್ಟ್ರಾನ್ ಸುಮಾರು 10 ಪ್ರೋಟಾನುಗಳನ್ನು ಹೊರದಬ್ಬುತ್ತದೆ, ಒಂದು ಎಟಿಪಿ ಮಾಡಿ ಹೊರಕಳಿಸಲು ಸುಮಾರು 4 ಬೇಕು. ಸಕ್ಸಿನೇಟ್ ಎಂಬ ಇನ್ನೊಂದು ಇಂಧನ ಕೊಟ್ಟರೆ ಹೊರಹೋಗುವುದು 6, ಹಾಗಾಗಿ 1.5.

ತೊಳೆಯುವುದು

ಉಸಿರಾಟವನ್ನೋ ಎಟಿಪಿ ತಯಾರಿಯನ್ನೋ ತಡೆಯಲು ಹಾಕುವ ರೊಟೆನೋನ್, ಆಂಟಿಮೈಸಿನ್, ಒಲಿಗೊಮೈಸಿನ್‌ನಂಥ ಔಷಧಗಳು ಪ್ಲಾಸ್ಟಿಕ್ಕಿಗೆ ಅಂಟುತ್ತವೆ, ಬರೀ ನೀರಿಗೆ ಹೋಗುವುದಿಲ್ಲ. ನೀರು ಬೆರೆಸಿದ ಎಥನಾಲಿನಲ್ಲಿ ಹಲವು ಸಲ, ಆಮೇಲೆ ನೀರಿನಲ್ಲಿ ತೊಳೆಯಿರಿ. ಶುದ್ಧ ಎಥನಾಲ್ ಬೇಡ, ಅಕ್ರಿಲಿಕ್ ಕೊಠಡಿ ಬಿರುಕು ಬಿಡುತ್ತದೆ. ಕಲಕುವ ಕಡ್ಡಿಯನ್ನೂ ಮುಚ್ಚಳವನ್ನೂ ಮರೆಯಬೇಡಿ. ಮುಂದಿನ ಓಟದಲ್ಲಿ ಔಷಧ ಹಾಕದೆ ಎಡಿಪಿ ಮಾತ್ರ ಕೊಟ್ಟು ನೋಡಿ. 3ನೇ ಸ್ಥಿತಿಯ ವೇಗ ಬೆಳಗಿನದಕ್ಕಿಂತ ಕುಗ್ಗಿದ್ದರೆ, ಇನ್ನೊಮ್ಮೆ ತೊಳೆಯಿರಿ.