ಬಿಲ್ಲಿಗೆ ಹಸಿ ಮರವನ್ನು ಹದ ಮಾಡುವ ಬಗೆ

ಬಿಲ್ಲಿನ ಹಣೆಬರಹ ಅರ್ಧ ನಿರ್ಧಾರವಾಗುವುದು ಮರ ಕಡಿದ ದಿನವೇ. ಕೆತ್ತುವ ಕೈಚಳಕವನ್ನು ಆಮೇಲೆ ಕಲಿಯಬಹುದು. ಮೊದಲ ರಾತ್ರಿ ಬಿದ್ದ ಬಿರುಕನ್ನು ಮಾತ್ರ ಯಾರಿಂದಲೂ ಮುಚ್ಚಲಾಗದು.

ಪುಣೆಯ ಸುತ್ತ ಇದಕ್ಕೆ ನಾನು ಮೆಚ್ಚುವ ಮರ ಧಾಮಣ. ನಮ್ಮ ಕನ್ನಡದ ತಡಸಲು ಇದೇ. ಬಾಗಿ ಮತ್ತೆ ನೆಟ್ಟಗಾಗುವ ಗುಣಕ್ಕಾಗಿ ಇದನ್ನು ಗಾಡಿಯ ಮೂಕಿಗೂ ಬಳಸುತ್ತಿದ್ದರು. ಕಾಡಿಗೆ ಕೊಡಲಿ ಒಯ್ಯಬೇಡಿ. ಹೊಲದವರು ಅನುಮತಿ ಪಡೆದು ಕಡಿಸುವಾಗ ಕೇಳಿ ತನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ, ಬೇಟೆಬಿಲ್ಲಿನ ಮಾದರಿ ಗುರಿ ಅಭ್ಯಾಸಕ್ಕಷ್ಟೇ.

ಡಿಸೆಂಬರ್ ಅಥವಾ ಜನವರಿಯಲ್ಲಿ ಕಡಿದ ಮರ ಒಳ್ಳೆಯದು. ನಾಲ್ಕರಿಂದ ಆರು ಇಂಚು ದಪ್ಪದ, ಗಂಟಿಲ್ಲದ ಕಾಂಡವನ್ನು ಆರಿಸಿ. ತೊಗಟೆಯ ಗೀರುಗಳು ಹಗ್ಗದಂತೆ ಸುತ್ತಿಕೊಂಡಿದ್ದರೆ ಒಳಗಿನ ನಾರೂ ತಿರುಚಿದೆ ಎಂದರ್ಥ; ಅದು ಬೇಡ. ಬಿಲ್ಲಿನ ಉದ್ದಕ್ಕಿಂತ ಒಂದು ಅಡಿ ಹೆಚ್ಚೇ ಇರಲಿ.

ಮನೆಗೆ ತರುವವರೆಗೂ ಕಾಯದೆ, ಕಡಿದಲ್ಲೇ ಎರಡೂ ತುದಿಗಳಿಗೆ ಫೆವಿಕಾಲ್ ಅಥವಾ ಹಳೆಯ ಆಯಿಲ್ ಪೇಂಟನ್ನು ದಪ್ಪಗೆ ಬಳಿಯಿರಿ. ನಾರಿನ ಕೊಳವೆಗಳ ಬಾಯಿ ತೆರೆದಿರುವುದು ಅಲ್ಲೇ. ಪಕ್ಕಗಳಿಗಿಂತ ಹಲವು ಪಟ್ಟು ಬೇಗ ನೀರು ಅಲ್ಲಿಂದ ಹೋಗುತ್ತದೆ; ತುದಿ ಕುಗ್ಗುತ್ತದೆ, ನಡು ಕುಗ್ಗುವುದಿಲ್ಲ, ಮರ ಬಿರಿಯುತ್ತದೆ. ನನ್ನ ಮೊದಲ ಕಾಂಡವನ್ನು ಬಾಲ್ಕನಿಯಲ್ಲಿ ಹಾಗೇ ಇಟ್ಟಿದ್ದೆ. ಮೂರನೆಯ ದಿನ ತುದಿಯಲ್ಲಿ ನಕ್ಷತ್ರದಂತೆ ಐದು ಸೀಳುಗಳು ಬಿದ್ದಿದ್ದವು. ಒಂದರೊಳಗೆ ಹತ್ತು ರೂಪಾಯಿಯ ನಾಣ್ಯ ನಿಲ್ಲುತ್ತಿತ್ತು.

ಮರುದಿನವೇ ಬೆಣೆ ಹೊಡೆದು ಸೀಳಿ. ಗರಗಸ ತನ್ನ ದಾರಿಯಲ್ಲಿ ನಾರನ್ನು ಕತ್ತರಿಸುತ್ತದೆ, ಬೆಣೆ ನಾರಿನ ದಾರಿಯನ್ನೇ ಹಿಡಿಯುತ್ತದೆ. ತೊಗಟೆಯ ಕೆಳಗೆ ಕೊರೆಹುಳು ಸೇರುತ್ತದೆ, ಆದ್ದರಿಂದ ಅದನ್ನು ಸುಲಿಯಿರಿ. ಸುಲಿದ ಮೈಗೂ ತಕ್ಷಣ ಅಂಟು ಬಳಿಯಬೇಕು. ಬಳಿಕ ಬಿಲ್ಲಿನ ಅಂದಾಜು ಆಕಾರಕ್ಕೆ, ಬೇಕಾದುದಕ್ಕಿಂತ ದಪ್ಪವಾಗಿ ಬಾಚಿಯಿಂದ ಕೆತ್ತಿ, ನೇರವಾದ ಹಲಗೆಗೆ ಬಿಗಿದು ಕಟ್ಟಿ. ತೆಳುವಾದ ಮರ ಬೇಗ ಒಣಗುತ್ತದೆ, ಕಟ್ಟಿದ ಮರ ಸೊಟ್ಟಗಾಗುವುದಿಲ್ಲ.

ನೆರಳಿನಲ್ಲಿ, ಗಾಳಿಯಾಡುವಲ್ಲಿ, ನೆಲ ಮುಟ್ಟದಂತೆ ಇಡಿ. ಬಿಸಿಲು ಬೇಡವೇ ಬೇಡ.

ಇನ್ನುಳಿದದ್ದು ತಕ್ಕಡಿಯ ಕೆಲಸ. ಪ್ರತಿ ಭಾನುವಾರ ತೂಗಿ, ತೂಕವನ್ನು ಮರದ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ನನ್ನ ಈಗಿನ ತುಂಡು ಜನವರಿಯಲ್ಲಿ 2,100 ಗ್ರಾಂ ಇತ್ತು, ಮಾರ್ಚ್ ಕೊನೆಗೆ 1,460. ಸತತ ಮೂರು ವಾರ ಅದೇ ಅಂಕಿ ಬಂದರೆ ಮರ ಸುತ್ತಲಿನ ಗಾಳಿಯೊಂದಿಗೆ ರಾಜಿಯಾಗಿದೆ ಎಂದು ತಿಳಿಯಿರಿ. ಬಿಲ್ಲಿಗೆ ಬೇಕಾದ ತೇವಾಂಶ ಶೇಕಡ 8ರಿಂದ 10. ಖಚಿತಪಡಿಸಿಕೊಳ್ಳಲು ಅದೇ ಮರದ ಒಂದಷ್ಟು ಚಕ್ಕೆಗಳನ್ನು ತೂಗಿ, ಸುಮಾರು 100 ಡಿಗ್ರಿಯ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. 58 ಗ್ರಾಂ ಇದ್ದದ್ದು 53ಕ್ಕೆ ಇಳಿದರೆ, ಕಳೆದ 5ನ್ನು 53ರಿಂದ ಭಾಗಿಸಿ ನೂರರಿಂದ ಗುಣಿಸಿ: ಶೇಕಡ 9.4. ಇದಕ್ಕಿಂತ ಹಸಿಯಾಗಿದ್ದರೆ ಹೆದೆ ಇಳಿಸಿದ ಮೇಲೂ ಬಿಲ್ಲು ಬಾಗಿಯೇ ಉಳಿಯುತ್ತದೆ. ತೀರಾ ಒಣಗಿದ್ದರೆ ಎಳೆದಾಗ ಮುರಿಯುತ್ತದೆ.

ಪುಣೆಯಲ್ಲಿ ಜೂನ್ ಮಳೆ ಶುರುವಾದರೆ ಇಳಿದ ತೂಕ ಮತ್ತೆ ಏರುತ್ತದೆ. ಆಗ ಗಾಬರಿ ಬೇಡ, ಅವಸರವೂ ಬೇಡ. ಹಲಗೆಗೆ ಕಟ್ಟಿದಂತೆಯೇ ಅಟ್ಟದ ಮೇಲಿಡಿ, ದೀಪಾವಳಿ ಕಳೆದ ಮೇಲೆ ಮತ್ತೆ ತಕ್ಕಡಿ ಹಿಡಿಯಿರಿ.