ಸೌದೆ ಒಲೆ ಹಾಕಿಸುವ ಮುನ್ನ ನೀರಿನ ಲೆಕ್ಕ

ಮನೆ ಬೆಚ್ಚಗಿಡಲು ಸೌದೆ ಒಲೆ ಹಾಕಿಸುವ ಯೋಚನೆಯಿದ್ದರೆ, ಒಲೆ ನೋಡುವುದು ಆಮೇಲಿರಲಿ. ಮೊದಲು ಒಂದು ಸೌದೆ ಎತ್ತಿಕೊಂಡು ನಡುವೆ ಸೀಳಿ. ತೇವ ಅಳೆಯುವ ಪುಟ್ಟ ಮೀಟರಿನ ಎರಡು ಮುಳ್ಳುಗಳನ್ನು ಆಗಷ್ಟೇ ಸೀಳಿದ ಮೈಗೆ ಚುಚ್ಚಿ. ಹೊರಮೈಗೆ ಚುಚ್ಚಿದರೆ ಮೋಸ ಹೋಗುತ್ತೀರಿ. ಮೇಲೆ ಒಣಗಿದ್ದರೂ ಒಳಗೆ ಹಸಿ ಇರುತ್ತದೆ. ಶೇ 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸರಿ. ಮೀಟರ್ ಇಲ್ಲವೇ? ಎರಡು ತುಂಡು ಬಡಿದು ನೋಡಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ.

ತೇವದ ಬಗ್ಗೆ ಇಷ್ಟು ಪಟ್ಟು ಹಿಡಿಯುವುದು ಯಾಕೆಂದರೆ, ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ತೂಕಕ್ಕೆ ಕೊಂಡರೆ ನೀರಿಗೂ ಸೌದೆಯ ದರ. ಸಾಲದ್ದಕ್ಕೆ, ಆ ನೀರನ್ನು ಆವಿ ಮಾಡಲು ಬೆಂಕಿಯ ಶಾಖವೇ ಸುರಿಯಬೇಕು. ಹಸಿ ಸೌದೆ ಅಗ್ಗಕ್ಕೆ ಸಿಕ್ಕಿದರೆ ಕೊಳ್ಳಬಾರದೆಂದೇನಿಲ್ಲ. ಸೀಳಿ, ನೆಲ ಮುಟ್ಟದಂತೆ ಪೇರಿಸಿ, ಮೇಲೆ ಮಾತ್ರ ಮುಚ್ಚಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಡಿ. ಗಟ್ಟಿ ಮರವಾದರೆ ಒಂದೆರಡು ವರ್ಷ ಕಾಯಬೇಕು.

ಈಗ ಖರ್ಚು. ಒಣ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಬಾಗಿಲು ಮುಚ್ಚುವ ಒಳ್ಳೆಯ ಒಲೆ ಅದರಲ್ಲಿ ಮುಕ್ಕಾಲು ಪಾಲನ್ನು ಕೋಣೆಗೆ ಕೊಡುತ್ತದೆ, ಅಂದರೆ 3 ಯೂನಿಟ್. ಹಾಗಾಗಿ ಕಿಲೋ ದರವನ್ನು 3ರಿಂದ ಭಾಗಿಸಿ, ಬಂದದ್ದನ್ನು ಕರೆಂಟಿನ ಯೂನಿಟ್ ದರದ ಪಕ್ಕದಲ್ಲಿಟ್ಟು ನೋಡಿ. ತೆರೆದ ಅಗ್ಗಿಷ್ಟಿಕೆಯಲ್ಲಾದರೆ ಮುಕ್ಕಾಲು ಯೂನಿಟ್ ದಕ್ಕಿದರೂ ಹೆಚ್ಚು. ಉಳಿದದ್ದು ಚಿಮಣಿಯ ಪಾಲು. ನೋಡಲು ಚೆಂದ, ಒಪ್ಪುತ್ತೇನೆ.

ಸರ್ಕಾರಗಳ ಕಣ್ಣೂ ಇದೇ ನೀರಿನ ಮೇಲಿದೆ, ಹಸಿ ಸೌದೆಯೇ ಹೆಚ್ಚು ಹೊಗೆಯಾಡುವುದು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ 20 ಮೀರುವಂತಿಲ್ಲ. ಅಲ್ಲಿನ ಹೊಗೆ ನಿಯಂತ್ರಣ ಪ್ರದೇಶಗಳಲ್ಲಿ ಚಿಮಣಿ ಹೊಗೆ ಉಗುಳಿದರೆ 175ರಿಂದ 300 ಪೌಂಡ್ ದಂಡ ಬೀಳಬಹುದು. ನಿಮ್ಮ ಮನೆ ಅಂಥ ಪ್ರದೇಶದಲ್ಲಿದೆಯೇ, ಒಲೆಯ ಮಾದರಿಗೆ ಅಲ್ಲಿ ಅನುಮತಿ ಇದೆಯೇ ಎಂದು ಸ್ಥಳೀಯ ಆಡಳಿತದಲ್ಲಿ ಮೊದಲೇ ವಿಚಾರಿಸಿ.

ಪ್ರೋತ್ಸಾಹಧನ ನಂಬಿ ಒಲೆ ಕೊಳ್ಳುವವರು ದಿನಾಂಕ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ದಕ್ಷತೆ ಕನಿಷ್ಠ ಶೇ 75 ಇರುವ ಸೌದೆ ಒಲೆಗೆ ವೆಚ್ಚದ ಶೇ 30ರಷ್ಟು, ವರ್ಷಕ್ಕೆ 2,000 ಡಾಲರ್‌ವರೆಗೆ ತೆರಿಗೆ ವಿನಾಯಿತಿ ಇತ್ತು. 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಒಲೆ ಕೂರಿಸಿದ ದಿನವೇ ಹೊರತು ಹಣ ಕಟ್ಟಿದ ದಿನವಲ್ಲ.

ಒಲೆಯ ಬೆಲೆಗೆ ಕೊಳವೆ, ಕೂರಿಸುವ ಕೂಲಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ಎಚ್ಚರಿಸುವ ಅಲಾರಂ, ವರ್ಷಕ್ಕೊಮ್ಮೆಯಾದರೂ ಚಿಮಣಿ ಗುಡಿಸಿಸುವ ಖರ್ಚು ಸೇರಿಸಿಕೊಳ್ಳಿ. ಕೊನೆಯದನ್ನು ಉಳಿಸಲು ಹೋಗಬೇಡಿ. ಹಸಿ ಸೌದೆಯ ಹೊಗೆ ಕೊಳವೆಯೊಳಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ, ಒಂದು ದಿನ ಆ ಅಂಟಿಗೇ ಬೆಂಕಿ ಹತ್ತಬಹುದು.