ಹೆಬ್ಬೆರಳ ಬುಡದ ಗುಂಡಿ

ಕರಿಮೆಣಸು ಕುಯ್ಯುವ ಏಣಿಯಿಂದ ಬಿದ್ದ ಹುಡುಗ ನನ್ನ ಹತ್ತಿರ ಬಂದದ್ದು ಬಿದ್ದ ನಾಲ್ಕನೇ ದಿನ. ಇಪ್ಪತ್ತೆರಡು ವರ್ಷ ಇರಬಹುದು. ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿ ಕೆಲಸ. ಏಣಿ ಜಾರಿತು, ಅಂಗೈ ಊರಿ ಬಿದ್ದ, ಅಷ್ಟೆ. ಕೈ ಅಷ್ಟೇನೂ ಊದಿರಲಿಲ್ಲ. ಬೆರಳೆಲ್ಲ ಮಡಚುತ್ತಿದ್ದ. ಎಲ್ಲೋ ಎಕ್ಸ್‌ರೇ ತೆಗೆಸಿದ್ದ, ಅದರಲ್ಲಿ ಏನೂ ಇಲ್ಲ ಅಂದಿದ್ದರಂತೆ. ನಾನೂ ನೋಡಿದೆ. "ಉಳುಕಿದೆ, ಎರಡು ವಾರದಲ್ಲಿ ಸರಿ ಹೋಗುತ್ತೆ" ಅಂದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ, ನಾಲ್ಕು ವ್ಯಾಯಾಮ ಹೇಳಿ ಕಳಿಸಿದೆ.

ನಾನು ಫಿಸಿಯೋಥೆರಪಿಸ್ಟ್. ಆಗ ಕ್ಲಿನಿಕ್ ತೆರೆದು ಎರಡು ವರ್ಷವೂ ಆಗಿರಲಿಲ್ಲ.

ಅವನು ಮತ್ತೆ ಬಂದದ್ದು ಮಳೆ ಹಿಡಿದ ಮೇಲೆ. "ಅಕ್ಕ, ನೀವು ಹೇಳಿದ್ದೆಲ್ಲ ಮಾಡ್ದೆ. ಕತ್ತಿ ಹಿಡಿಯಕ್ಕೆ ಆಗ್ತಿಲ್ಲ" ಅಂದ. ಈ ಸಲ ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಮುರಿದದ್ದು ಸ್ಕಾಫಾಯ್ಡ್, ಮಣಿಕಟ್ಟಿನ ಒಂದು ಸಣ್ಣ ಮೂಳೆ. ಮೂರು ತಿಂಗಳಿಂದ ಮುರಿದೇ ಇತ್ತು, ಕೂಡಿರಲಿಲ್ಲ.

ಕಾಲೇಜಿನಲ್ಲಿ ಮಣಿಕಟ್ಟಿನ 8 ಮೂಳೆಗಳ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಒಂದು ಕೈಯಲ್ಲಿ 27 ಮೂಳೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಎರಡೂ ಕೈ ಸೇರಿದರೆ 54, ಅಂದರೆ ಮೈಯಲ್ಲಿರುವ 206 ಮೂಳೆಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಇದೆಲ್ಲ ಪರೀಕ್ಷೆಗೆ ಚೆನ್ನಾಗಿತ್ತು. ಹುಡುಗನ ಕೈ ಮುಂದೆ ಬಂದಾಗ ಬಾಯಿಪಾಠ ಕೈಕೊಟ್ಟಿತು. ಸ್ಕಾಫಾಯ್ಡ್ ಅನ್ನುವ ಹೆಸರು ಗೊತ್ತಿತ್ತು. ಅದು ಅವನ ಕೈಯಲ್ಲಿ ಎಲ್ಲಿದೆ ಅಂತ ನನ್ನ ಬೆರಳಿಗೆ ಗೊತ್ತಿರಲಿಲ್ಲ.

ಆ ಮಳೆಗಾಲ ನಾನು ಕೈಯನ್ನು ಮತ್ತೆ ಮೊದಲಿಂದ ಕಲಿತೆ, ಪುಸ್ತಕ ಮುಚ್ಚಿಟ್ಟು. ಬಾಲ್‌ಪೆನ್ ತಗೊಂಡು ನನ್ನ ಎಡಗೈ ಮೇಲೇ ಗುರುತು ಹಾಕುತ್ತಿದ್ದೆ. ಮಡಿಕೇರಿ ಬಸ್ಸಿನಲ್ಲೂ ಅದೇ ಕೆಲಸ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು "ಮದರಂಗಿಯಾ ಮಗ?" ಅಂತ ಕೇಳಿದ್ದರು.

ಮೊದಲು ಸಿಕ್ಕಿದ್ದು ಪಿಸಿಫಾರ್ಮ್. ನಿಮ್ಮ ಕೈಯನ್ನೇ ನೋಡಿ. ಅಂಗೈ ಕಡೆ ಮಣಿಕಟ್ಟಿನ ಗೆರೆ ಇದೆಯಲ್ಲ, ಅದು ಕಿರುಬೆರಳ ಕಡೆ ಮುಗಿಯುವ ಜಾಗದಲ್ಲಿ ಒತ್ತಿದರೆ ಗೋಲಿಯಂಥ ಮೂಳೆ ಸಿಗುತ್ತದೆ. ಹೆಸರಿನ ಅರ್ಥ ಬಟಾಣಿಯಂಥದ್ದು ಅಂತ. ನಮ್ಮ ಕಡೆಯವರಿಗೆ ನಾನು ಪೀಬೆರಿ ಅನ್ನುತ್ತೇನೆ. ಕಾಯಿಯೊಳಗೆ ಎರಡು ಬೀಜದ ಬದಲು ಒಂದೇ ಬೀಜ ಗುಂಡಗೆ ಬೆಳೆದಿರುತ್ತಲ್ಲ, ಹಾಗೆ. ಕಾಫಿ ಕುಯ್ಯುವವರಿಗೆ ತಕ್ಷಣ ಅರ್ಥ ಆಗುತ್ತದೆ.

ಆ ಪೀಬೆರಿ ಮೇಲೆ ಇನ್ನೊಂದು ಕೈಯ ಹೆಬ್ಬೆರಳ ಗಿಣ್ಣು ಇಡಿ. ಹೆಬ್ಬೆರಳ ತುದಿ ಈ ಕೈಯ ಹೆಬ್ಬೆರಳು, ತೋರುಬೆರಳ ನಡುವಿನ ಸಂದಿಯ ಕಡೆ ತಿರುಗಿರಲಿ. ಈಗ ತುದಿಯಿಂದ ಗಟ್ಟಿಯಾಗಿ ಒತ್ತಿ. ಆಳದಲ್ಲಿ ಸಿಗುವ ಉಬ್ಬು ಹ್ಯಾಮೇಟ್ ಮೂಳೆಯ ಕೊಕ್ಕೆ. ಕೊಡಗಿನಲ್ಲಿ ಈ ಕೊಕ್ಕೆಯನ್ನು ಮರೆಯುವ ಹಾಗಿಲ್ಲ, ಯಾಕಂದರೆ ಇಲ್ಲಿ ಮನೆ ಮನೆಯಲ್ಲೂ ಹಾಕಿ ಸ್ಟಿಕ್ ಇದೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲಂತೂ ಕೇಳುವುದೇ ಬೇಡ. ಸ್ಟಿಕ್ಕಿನ ಹಿಡಿಕೆಯ ತುದಿ ಅಂಗೈಗೆ ಬಡಿದರೆ ಏಟು ಬೀಳುವುದು ಈ ಕೊಕ್ಕೆಗೇ. ಮಾಮೂಲಿ ಎಕ್ಸ್‌ರೇಯಲ್ಲಿ ಇದರ ಬಿರುಕು ಕಾಣದೆ ಹೋಗುವುದೂ ಉಂಟು.

ಸ್ಕಾಫಾಯ್ಡ್‌ಗೆ ಬರುತ್ತೇನೆ. ಹೆಬ್ಬೆರಳನ್ನು ಲಿಫ್ಟ್ ಕೇಳುವವರ ಹಾಗೆ ಮೇಲಕ್ಕೆ ಚಾಚಿ. ಬುಡದಲ್ಲಿ ಎರಡು ಹುರಿ ಎದ್ದು ನಿಲ್ಲುತ್ತವೆ, ನಡುವೆ ಒಂದು ಗುಂಡಿ ಬೀಳುತ್ತದೆ. ಹಿಂದೆ ನಶ್ಯ ಏರಿಸುವವರು ಪುಡಿ ಹಾಕಿಕೊಳ್ಳುತ್ತಿದ್ದದ್ದು ಇಲ್ಲಿಗೇ. ಅದಕ್ಕೇ ಅನಾಟಮಿಯಲ್ಲೂ ಇದಕ್ಕೆ ನಶ್ಯದ ಡಬ್ಬಿ ಅಂತಲೇ ಹೆಸರು. ಈ ಗುಂಡಿಯ ತಳದಲ್ಲಿ ಕೂತಿದೆ ಸ್ಕಾಫಾಯ್ಡ್. ದೋಣಿ ಅಂತ ಅದರ ಹೆಸರಿನ ಅರ್ಥ, ನನಗೆ ಗೋಡಂಬಿ ಥರ ಕಾಣುತ್ತದೆ.

ಅಂಗೈ ಕಡೆಯಿಂದಲೂ ಅದನ್ನು ಮುಟ್ಟಬಹುದು. ಮಣಿಕಟ್ಟಿನ ಗೆರೆ ಹೆಬ್ಬೆರಳ ಕಡೆ ಮುಗಿಯುವಲ್ಲಿ ಬೆರಳಿಟ್ಟು, ಕೈಯನ್ನು ಹೆಬ್ಬೆರಳ ಕಡೆಗೇ ವಾಲಿಸಿ. ಒಳಗಿಂದ ಒಂದು ಗಂಟು ಬಂದು ಬೆರಳನ್ನು ತಳ್ಳುತ್ತದೆ. ಕಿರುಬೆರಳ ಕಡೆ ವಾಲಿಸಿದರೆ ಒಳಗೆ ಹೋಗುತ್ತದೆ. ಮೊದಲ ಸಲ ಅದು ಬೆರಳಿಗೆ ಸಿಕ್ಕಿದ ದಿನ ನಾನು ಅಡುಗೆಮನೆಗೆ ಓಡಿ ಹೋಗಿ ಅವ್ವನ ಕೈ ಹಿಡಿದೆ. ನೂಪುಟ್ಟು ಒತ್ತುತ್ತಿದ್ದ ಅವ್ವ, "ಕೈ ಬಿಡು, ಹಿಟ್ಟು ಆರ್ತದೆ" ಅಂತ ಗದರಿದರು.

ಈ ಮೂಳೆಯ ತೊಂದರೆ ರಕ್ತದ್ದು. ಅದಕ್ಕೆ ಹೆಚ್ಚಿನ ರಕ್ತ ಬೆರಳ ಕಡೆಯ ತುದಿಯಿಂದ ಒಳಗೆ ಹೊಕ್ಕು ಹಿಂದಕ್ಕೆ ಹರಿಯುತ್ತದೆ. ತೋಟದ ಪೈಪ್ ಇದ್ದ ಹಾಗೆ ಅಂದುಕೊಳ್ಳಿ. ನಡುವೆ ಒಡೆದರೆ ಕೊನೆಯ ಗಿಡಗಳಿಗೆ ನೀರಿಲ್ಲ. ಸ್ಕಾಫಾಯ್ಡ್ ನಡುಭಾಗದಲ್ಲಿ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಾಲುವುದಿಲ್ಲ. ಕೂಡುವುದು ತಡವಾಗುತ್ತದೆ, ಕೆಲವು ಸಲ ಕೂಡುವುದೇ ಇಲ್ಲ, ಆ ತುಂಡು ಸತ್ತೂ ಹೋಗಬಹುದು. ಸಾಲದ್ದಕ್ಕೆ ಮೊದಲ ದಿನಗಳ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಸಬೇಕು, ಇಲ್ಲವೇ ಎಂಆರ್‌ಐ ಮಾಡಿಸಬೇಕು. ಅಲ್ಲಿವರೆಗೆ ಮುರಿದಿದೆ ಅಂತಲೇ ತಿಳಿದು ಕಟ್ಟಿಡಬೇಕು.

ಈಗ ಅಂಗೈ ಊರಿ ಬಿದ್ದು ಯಾರೇ ಬರಲಿ, ಮೂರು ಕಡೆ ಒತ್ತಿ ನೋಡದೆ ಬಿಡುವುದಿಲ್ಲ. ನಶ್ಯದ ಗುಂಡಿ, ಅಂಗೈ ಕಡೆಯ ಗಂಟು, ಆಮೇಲೆ ಹೆಬ್ಬೆರಳನ್ನು ಹಿಡಿದು ನೇರ ಮಣಿಕಟ್ಟಿನ ಕಡೆಗೆ ಒತ್ತುವುದು. ಎರಡೂ ಕೈ ಹೋಲಿಸಿ ನೋಡಬೇಕು. ಗುಂಡಿ ಒತ್ತಿದರೆ ಚೆನ್ನಾಗಿರುವ ಕೈಯಲ್ಲೂ ಸ್ವಲ್ಪ ನೋಯುತ್ತದೆ.

ಇಷ್ಟು ಮೂಳೆಯ ಕಥೆ. ಸ್ನಾಯು ನಾನು ಕಲಿತದ್ದು ಕಾಲೇಜಿಗಿಂತ ಎಷ್ಟೋ ಮೊದಲು, ಆದರೆ ಕಲಿತಿದ್ದೇನೆ ಅಂತ ಗೊತ್ತಿರಲಿಲ್ಲ. ಮನೆಯಲ್ಲಿ ನಾಟಿ ಕೋಳಿ ಕೊಯ್ದಾಗ ಕಾಲು ನಮ್ಮ ಪಾಲು, ಆಟಕ್ಕೆ. ಕತ್ತರಿಸಿದ ಜಾಗದಲ್ಲಿ ಬೆಳ್ಳಗೆ ಒಂದು ದಾರ ಕಾಣುತ್ತದೆ. ಅದನ್ನು ಎಳೆದರೆ ಕೋಳಿಯ ಬೆರಳು ಗಬಕ್ಕನೆ ಮುಚ್ಚಿಕೊಳ್ಳುತ್ತದೆ. ಅದನ್ನು ಹಿಡಿದು ತಂಗಿಯನ್ನು ಹೆದರಿಸುವುದು. ನಮ್ಮ ಬೆರಳೂ ಹಾಗೇ ನಡೆಯುವುದು. ಬೆರಳನ್ನು ಆಡಿಸುವ ಒಂದು ಸ್ನಾಯುವೂ ಬೆರಳೊಳಗೆ ಇಲ್ಲ. ದೊಡ್ಡ ಎಂಜಿನ್ ಎಲ್ಲ ಮುಂಗೈಯಲ್ಲಿದೆ, ಸಣ್ಣಪುಟ್ಟವು ಅಂಗೈಯಲ್ಲಿವೆ. ಬೆರಳಿಗೆ ಬರುವುದು ದಾರ ಮಾತ್ರ. ಮೊಣಕೈ ಹತ್ತಿರ ಮುಂಗೈ ಮೇಲೆ ಕೈಯಿಟ್ಟುಕೊಂಡು ಬೆರಳು ಕುಣಿಸಿ ನೋಡಿ, ಎಂಜಿನ್ ಓಡುವುದು ಗೊತ್ತಾಗುತ್ತದೆ.

ಜನ ಈ ದಾರಕ್ಕೂ ನರ ಅನ್ನುತ್ತಾರೆ, ನಿಜವಾದ ನರಕ್ಕೂ ನರ ಅನ್ನುತ್ತಾರೆ, ರಕ್ತನಾಳಕ್ಕೂ ನರವೇ. ಹಾಗಾಗಿ "ನರ ಹಿಡ್ಕೊಂಡಿದೆ" ಅಂತ ಬಂದವರಿಗೆ ನಾನು ಮೊದಲು ಹೇಳುವುದು, ಒಂದೇ ಬೆರಳಿಟ್ಟು ಜಾಗ ತೋರಿಸಿ ಅಂತ.

ಕುಯ್ಲು ಶುರುವಾದರೆ ಹೆಚ್ಚಿನವರು ತೋರಿಸುವುದು ಮತ್ತದೇ ಹೆಬ್ಬೆರಳ ಬುಡ, ಗುಂಡಿಗಿಂತ ಒಂದಿಷ್ಟು ಹಿಂದೆ. ರೊಬಸ್ಟಾ ಗೊಂಚಲು ಗಟ್ಟಿ. ಹೆಬ್ಬೆರಳು ಕೊಟ್ಟು ಸೆಳೆದು ಸೆಳೆದು ಉದುರಿಸಬೇಕು. ಹೆಬ್ಬೆರಳನ್ನು ಚಾಚುವ ಎರಡು ಟೆಂಡನ್, ಅಂದರೆ ಅದೇ ದಾರಗಳು, ಮಣಿಕಟ್ಟಿನಲ್ಲಿ ಒಂದೇ ಇಕ್ಕಟ್ಟು ತೋಡಿನಲ್ಲಿ ಓಡುತ್ತವೆ. ತೋಡಿನ ಪೊರೆ ದಪ್ಪವಾಗಿ ಬಿಗಿದುಕೊಂಡರೆ ನೋವು. ಇದನ್ನು 1895ರಲ್ಲಿ ವಿವರಿಸಿದ್ದು ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಜ್ ಡಿ ಕ್ವೆರ್ವೆನ್, ಕಾಯಿಲೆಗೂ ಅವರದೇ ಹೆಸರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಕಿರುಬೆರಳ ಕಡೆ ಬಗ್ಗಿಸಿದರೆ ಜೀವ ಹೋದ ಹಾಗೆ ಆಗುತ್ತದೆ. ನಾನು ಈ ಪರೀಕ್ಷೆಯನ್ನು ಮೆಲ್ಲಗೆ ಮಾಡುತ್ತೇನೆ. ಒಂದು ಸಲ ಜೋರಾಗಿ ಮಾಡಿ ಬೈಸಿಕೊಂಡಿದ್ದೇನೆ, ಅದೂ ಮಲಯಾಳಂನಲ್ಲಿ.

ಇದಕ್ಕೆ ವಿಶ್ರಾಂತಿ ಕೊಡಿ ಅಂತ ಬರೆದು ಕಳಿಸುವುದು ಸುಲಭ. ಆದರೆ ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ. ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ಕಾಣುವುದು ಈ ಎರಡು ಮೂರು ತಿಂಗಳು ಮಾತ್ರ. ತೋಟದ ಕೂಲಿಯವರ ಲೈನ್ ಮನೆಯಿಂದ ನಡೆದು ಬಂದ ಹೆಂಗಸಿಗೆ ಮೂರು ವಾರ ಕೈ ಆಡಿಸಬೇಡಿ ಅಂದರೆ ಆಕೆ ತಲೆ ಆಡಿಸಿ ಹೋಗುತ್ತಾಳೆ, ಮಾರನೇ ದಿನ ಅದೇ ಗಿಡದ ಬುಡದಲ್ಲಿರುತ್ತಾಳೆ. ನಾನಾದರೂ ಹಾಗೇ ಮಾಡುತ್ತಿದ್ದೆ. ಅದಕ್ಕೆ ಈಗ ರಾತ್ರಿಗೂ ಮನೆ ಕೆಲಸಕ್ಕೂ ಹೆಬ್ಬೆರಳು ಸೇರಿಸಿ ಹಿಡಿಯುವ ಸ್ಪ್ಲಿಂಟ್ ಕೊಡುತ್ತೇನೆ. ತೋಟದಲ್ಲಿ ಕೈ ಬದಲಿಸಿ ಕುಯ್ಯಿ ಅನ್ನುತ್ತೇನೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಒಳ್ಳೆಯವರಾದರೆ ಒಂದು ಫೋನ್ ಮಾಡಿ, ಸ್ವಲ್ಪ ದಿನ ಹಣ್ಣು ಹೆಕ್ಕುವ ಕೆಲಸ ಕೊಡಿ ಅಂತ ಕೇಳುತ್ತೇನೆ. ಕಡಿಮೆ ಆಗದಿದ್ದರೆ ಇಂಜೆಕ್ಷನ್ನಿಗೆ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಇದರಲ್ಲಿ ನನಗಿಂತ ಜಾಣೆ ಒಬ್ಬಳಿದ್ದಳು. ಎತ್ತರದ ರೆಂಬೆಯನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದೇ ಅವಳ ಮಣಿಕಟ್ಟು ಕೆಟ್ಟಿತ್ತು. ಮುಂದಿನ ವರ್ಷ ಕೊಕ್ಕೆ ಕೋಲಿಗೆ ಹಗ್ಗ ಕಟ್ಟಿ, ಹಗ್ಗದ ಕುಣಿಕೆಯನ್ನು ಕಾಲಲ್ಲಿ ಮೆಟ್ಟಿ, ಎರಡೂ ಕೈ ಬಿಡಿಸಿಕೊಂಡು ಕುಯ್ದಳು. ಈಗ ನಾನು ಅದನ್ನೇ ಬೇರೆಯವರಿಗೆ ಹೇಳಿಕೊಡುತ್ತೇನೆ, ಫೀಸು ತಗೊಂಡು.

ರೆಂಬೆ ಕತ್ತರಿಸುವವರಿಗೆ ಬೇರೆ ಪಾಠ. ಮಣಿಕಟ್ಟನ್ನು ಅಂಗೈ ಕಡೆ ಪೂರ್ತಿ ಬಗ್ಗಿಸಿ, ಹಾಗೇ ಇಟ್ಟುಕೊಂಡು ಮುಷ್ಟಿ ಬಿಗಿ ಮಾಡಿ. ಆಗಲ್ಲ, ಅಲ್ವಾ? ಮಡಚುವ ಹುರಿ ಸಡಿಲ ಬಿದ್ದಿರುತ್ತದೆ, ಬಿಚ್ಚುವ ಹುರಿ ಹಿಂದಿನಿಂದ ಜಗ್ಗುತ್ತಿರುತ್ತದೆ. ಈಗ ಮಣಿಕಟ್ಟನ್ನು 20ರಿಂದ 30 ಡಿಗ್ರಿ ಹಿಂದಕ್ಕೆ ಎತ್ತಿ ಹಿಡಿಯಿರಿ, ಮುಷ್ಟಿ ಕಲ್ಲಾಗುತ್ತದೆ. ಕೈ ಬಗ್ಗಿಸಿ ಕತ್ತರಿ ಹಿಡಿದರೆ ಅದೇ ರೆಂಬೆಗೆ ಹೆಚ್ಚು ಜೋರು ಹಾಕಬೇಕು. ಎತ್ತರ ಸಾಲದಿದ್ದರೆ ಒಂದು ಕಲ್ಲು ಹತ್ತಿ ನಿಲ್ಲಿ, ಕೈ ಬಗ್ಗಿಸಬೇಡಿ ಅನ್ನುತ್ತೇನೆ.

ಕಳೆ ಕತ್ತರಿಸುವ ವೀಡ್ ಕಟರ್ ಮಷಿನ್ ಬಂದ ಮೇಲೆ ರಾತ್ರಿ ಕೈ ಜುಮ್ ಅನ್ನುತ್ತದೆ ಅಂತ ಬರುವ ಗಂಡಸರೂ ಜಾಸ್ತಿಯಾಗಿದ್ದಾರೆ. ಅವರಿಗೆ ನನ್ನ ಒಂದೇ ಪ್ರಶ್ನೆ: "ಕಿರುಬೆರಳೂ ಜುಮ್ ಅನ್ನುತ್ತಾ?" ಹೆಚ್ಚಿನವರು ಯೋಚನೆ ಮಾಡಿ, ಇಲ್ಲ ಅನ್ನುತ್ತಾರೆ. ಅಂಗೈಯ ಬುಡದಲ್ಲಿ ಒಂದು ಕಿರಿದಾದ ಸುರಂಗ ಇದೆ. ಕೆಳಗೂ ಪಕ್ಕದಲ್ಲೂ ಮಣಿಕಟ್ಟಿನ ಮೂಳೆಗಳು, ಮೇಲೆ ದಪ್ಪ ಪಟ್ಟಿ. ಅದರೊಳಗೆ 9 ಟೆಂಡನ್‌ಗಳು, ಜೊತೆಗೆ ಮೀಡಿಯನ್ ಅನ್ನುವ ನರ. ಒಳಗೆ ಊದಿದರೆ ನಜ್ಜಾಗುವುದು ನರ. ಈ ನರ ಕಿರುಬೆರಳಿಗೆ ಹೋಗುವುದೇ ಇಲ್ಲ. ಕಿರುಬೆರಳೂ ಜೋಮು ಹಿಡಿಯುತ್ತಿದ್ದರೆ ಮೊಣಕೈ, ಕುತ್ತಿಗೆ ಕಡೆ ಹುಡುಕಬೇಕು. ರಾತ್ರಿ ಮಣಿಕಟ್ಟು ನೆಟ್ಟಗೆ ನಿಲ್ಲುವ ಪಟ್ಟಿ ಕಟ್ಟಿಕೊಂಡು ಮಲಗಿದರೆ ಎಷ್ಟೋ ಜನಕ್ಕೆ ನಿದ್ದೆ ಬರುತ್ತದೆ. ಹೆಬ್ಬೆರಳ ಬುಡದ ಮಾಂಸ ಕರಗಿ ತಗ್ಗು ಬಿದ್ದಿದ್ದರೆ ಮಾತ್ರ ನಾನು ಇಟ್ಟುಕೊಳ್ಳುವುದಿಲ್ಲ, ಸೀದಾ ಸರ್ಜನ್ ಹತ್ತಿರ.

ಅಂಗೈಯ ಸಣ್ಣ ಸ್ನಾಯುಗಳನ್ನು ನಾನು ಬಹಳ ದಿನ ಲೆಕ್ಕಕ್ಕೇ ಇಟ್ಟಿರಲಿಲ್ಲ. ಲಂಬ್ರಿಕಲ್ ಅಂತ 4 ಇವೆ, ಎರೆಹುಳದಷ್ಟು ಸಣ್ಣ, ಹೆಸರೂ ಎರೆಹುಳದ್ದೇ. ಮೂಳೆಯಿಂದ ಹುಟ್ಟುವುದಿಲ್ಲ, ಇನ್ನೊಂದು ಸ್ನಾಯುವಿನ ಟೆಂಡನ್ನಿಗೆ ಅಂಟಿಕೊಂಡಿವೆ. ಇವೂ, ಅಂಗೈ ಮೂಳೆಗಳ ಸಂದಿಯಲ್ಲಿರುವ ಸ್ನಾಯುಗಳೂ ಸೋತರೆ ಬೆರಳು ಕೊಕ್ಕೆಯಂತೆ ಮುದುಡುತ್ತವೆ. ಕುಷ್ಠದಿಂದ ಹಾಗಾದ ಕೈಗಳಿಗೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರಾಂಡ್ 1940ರ ದಶಕದ ಕೊನೆಯಲ್ಲಿ ಚೆನ್ನಾಗಿರುವ ಸ್ನಾಯುವಿನ ಟೆಂಡನ್ ಎಳೆದು ತಂದು ಜೋಡಿಸಲು ಶುರು ಮಾಡಿದರು. ಮತ್ತೆ ತುತ್ತು ಕಲಸುವ ಕೈ ಬಂತು. ಕಡಂಬುಟ್ಟು ಉಂಡೆ ಕಟ್ಟುವಾಗ ಅವ್ವನ ಬೆರಳು ನೋಡಿದರೆ ಈ ಎರೆಹುಳಗಳ ಕೆಲಸ ಕಾಣುತ್ತದೆ. ಬುಡದಲ್ಲಿ ಬಗ್ಗಿ, ತುದಿಯಲ್ಲಿ ನೆಟ್ಟಗೆ.

ಹುಡುಗನ ಕೈಗೆ ಆಪರೇಷನ್ ಆಯಿತು. ಸೊಂಟದಿಂದ ಮೂಳೆ ತೆಗೆದು ಇಟ್ಟು, ಸ್ಕ್ರೂ ಹಾಕಿದರು. ಆಮೇಲೆ ವ್ಯಾಯಾಮಕ್ಕೆ ನನ್ನ ಹತ್ತಿರವೇ ಬಂದ. ಬರುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ಮೊದಲ ದಿನವೇ, ಅವತ್ತು ನಾನು ಸರಿಯಾಗಿ ನೋಡಲಿಲ್ಲ ಕಣೋ, ತಪ್ಪು ನಂದು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. "ಎಲ್ಲಿ ನೋಡ್ಬೇಕಿತ್ತು?" ಅಂದ. ಚೆನ್ನಾಗಿರುವ ಕೈಯಲ್ಲಿ ಗುಂಡಿ ತೋರಿಸಿದೆ. ತಾನೇ ಒತ್ತಿ ಒತ್ತಿ ನೋಡಿದ.

ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಗ್ಗುವುದಿಲ್ಲ. ನೆಲದಿಂದ ಏಳುವಾಗ ಈಗಲೂ ಅಂಗೈ ಬದಲು ಮುಷ್ಟಿ ಊರುತ್ತಾನೆ. ಮೆಣಸು ಕುಯ್ಯಲು ಹೋಗುತ್ತಾನೆ, ಆದರೆ ಏಣಿ ಹಿಡಿಯುವ ಕೆಲಸ, ಹತ್ತುವುದಲ್ಲ. ಹೋದ ಫೆಬ್ರವರಿಯಲ್ಲಿ ಒಂದು ಸಂಜೆ ಫೋನ್ ಬಂತು. ಹಿಂದೆ ನಾಯಿ ಬೊಗಳುತ್ತಿತ್ತು, ಯಾರೋ ಹಿಂದಿಯಲ್ಲಿ ಜೋರಾಗಿ ಮಾತಾಡುತ್ತಿದ್ದರು.

"ಅಕ್ಕ, ಅಸ್ಸಾಮಿನವನೊಬ್ಬ ಬಿದ್ದಿದ್ದಾನೆ. ಊದಿಲ್ಲ. ಬೆರಳು ಆಡಿಸ್ತಾನೆ. ಗುಂಡಿ ಒತ್ತಿದ್ರೆ ಕಿರುಚ್ತಾನೆ. ಆ ಕಡೆ ಕೈದು ಒತ್ತಿದ್ರೆ ಏನಿಲ್ಲ. ಕಟ್ಟಿ ಕಳಿಸ್ಲಾ?"